ಶೇಷ ಸೊನ್ನೆಯಾದರೆ ಮಾತ್ರ ನೀರು

ಭಾಗಾಕಾರದ ಶೇಷ ಸೊನ್ನೆಯಾಗದ ಹೊರತು ಯಾವುದೇ ಮನೆಗೆ ನೀರು ಬಿಡತಕ್ಕದ್ದಲ್ಲ ಎಂದು ನೀರು ಸರಬರಾಜು ಕಚೇರಿಯು ಸೋಮವಾರ ಆದೇಶ ಹೊರಡಿಸಿತು. ಅದುವರೆಗೆ ಒಂದೇ ಟ್ಯಾಂಕಿನ ನೀರು ಹಂಚಿಕೊಳ್ಳುವ ಮನೆಗಳ ಪಾಲನ್ನು ಅರ್ಧ, ಕಾಲು, ಮೂರನೇ ಒಂದು ಎಂದು ಭಿನ್ನರಾಶಿಯಲ್ಲಿ ಬರೆಯುತ್ತಿದ್ದರು. ಒಂದು ಅಂಕಿ ಮೇಲೆ ಕೂತು ಇನ್ನೊಂದು ಅಂಕಿ ಕೆಳಗೆ ಕೂರುವುದು ಸಮಾನತೆಗೆ ವಿರುದ್ಧವೆಂದು ಮೇಲಿನವರಿಗೆ ಮನವರಿಕೆಯಾಗಿತ್ತು. ಆದ್ದರಿಂದ ಇನ್ನು ಮುಂದೆ ಪ್ರತಿ ಪಾಲನ್ನೂ ಕೈಯಿಂದಲೇ ಭಾಗಿಸಿ ದಶಮಾಂಶಕ್ಕೆ ತರತಕ್ಕದ್ದು. ಶೇಷ ಸೊನ್ನೆ ಬಂದೊಡನೆ ಸಾಹೇಬರ ಸಹಿ, ಸಹಿಯಾದೊಡನೆ ನೀರು. ಕ್ಯಾಲ್ಕುಲೇಟರ್ ಬಳಸುವಂತಿಲ್ಲ, ಏಕೆಂದರೆ ತಪ್ಪಾದರೆ ಅದನ್ನು ಅಮಾನತು ಮಾಡಲು ಬರುವುದಿಲ್ಲ.

ಕೆಲಸ ಕಿಟಕಿ ಪಕ್ಕದ ಗುಮಾಸ್ತರಿಗೆ ಬಂತು. ಅವರಿಗೆ ಖುಷಿಯೋ ಖುಷಿ. ಶಾಲೆಯಲ್ಲಿ ಅವರು ಮಾಡಿದ ಭಾಗಾಕಾರವನ್ನು ಮೇಷ್ಟ್ರು ಒಮ್ಮೆ ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಆಮೇಲಿನ ಬದುಕಿನಲ್ಲಿ ಅವರದ್ದೇನನ್ನೂ ಯಾರೂ ಎತ್ತಿ ತೋರಿಸಿರಲಿಲ್ಲ.

ಮೊದಲು ಎರಡು ಮನೆಯ ಟ್ಯಾಂಕು. ಒಂದರಲ್ಲಿ ಎರಡು ಹೋಗುವುದಿಲ್ಲ. ಮೇಲೆ ಸೊನ್ನೆ ಹಾಕಿ, ಚುಕ್ಕೆ ಇಟ್ಟು, ಒಂದರ ಪಕ್ಕ ಒಂದು ಸೊನ್ನೆ ಇಳಿಸಿದರು. ಹತ್ತಾಯಿತು. ಎರಡೈದ್ಲೆ ಹತ್ತು, ಶೇಷ ಸೊನ್ನೆ. ಪಾಲು 0.5. ಸಾಹೇಬರು ಸಹಿ ಹಾಕಿದರು, ನೀರುಗಂಟಿ ಹೋಗಿ ವಾಲ್ವ್ ತಿರುಗಿಸಿದ. ನಾಲ್ಕು ಮನೆಯ ಟ್ಯಾಂಕು 0.25 ಎಂದು ಊಟಕ್ಕೆ ಮುಂಚೆಯೇ ಮುಗಿಯಿತು. ಆಮೇಲೆ ಗುಮಾಸ್ತರ ಸ್ವಂತ ಕಟ್ಟಡದ ಸರದಿ. ಕೆಳಗೆ ದರ್ಜಿ, ನಡುವೆ ನರ್ಸಮ್ಮ, ಮೇಲೆ ಗುಮಾಸ್ತರು. ಮೂರು ಮನೆ, ಮನೆಗೆ ಮೂರನೇ ಒಂದು.

ಸೊನ್ನೆ ಇಳಿಸಿದರು, ಹತ್ತಾಯಿತು. ಮೂರ್ಮೂರ್ಲೆ ಒಂಬತ್ತು, ಶೇಷ ಒಂದು. ಮತ್ತೆ ಸೊನ್ನೆ ಇಳಿಸಿದರು, ಮತ್ತೆ ಹತ್ತು, ಮತ್ತೆ ಒಂಬತ್ತು, ಮತ್ತೆ ಒಂದು. ಹಾಳೆ ತುಂಬಿತು. ಇನ್ನೊಂದು ಹಾಳೆ ಅಂಟಿಸಿಕೊಂಡರು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ನಲ್ಲೀಲಿ ಬರೀ ಗಾಳಿ ಬರ್ತಿದೆ. ನೀರು ಯಾವಾಗ?"

"ಇನ್ನೇನು ಮುಗೀತು ಕಣೇ. ಶೇಷ ಒಂದೇ ಒಂದು ಉಳ್ಕೊಂಡಿದೆ."

"ಒಂದು ತಾನೇ? ಅದನ್ನೂ ಮುಗಿಸಿ ಎದ್ದು ಬನ್ನಿ."

ಮರುದಿನವೂ ಆಕೆ ಕೇಳಿದಳು. "ನಿನ್ನೇನೂ ಒಂದು ಅಂದ್ರಿ, ಇವತ್ತೂ ಒಂದೇನಾ?"

"ಜಾಸ್ತಿ ಆಗಿಲ್ವಲ್ಲ, ಅದೇ ಪುಣ್ಯ."

ಆಕೆ ಬಟ್ಟೆಗಂಟು ಕಟ್ಟಿದಳು. "ನಾನು ತಂಗಿ ಮನೆಗೆ ಹೋಗ್ತೀನಿ. ಅವಳದ್ದು ಕಾಲು ಪಾಲು. ನಿಮ್ಮ ಶೇಷ ಮುಗಿದ ಮೇಲೆ ಹೇಳಿ ಕಳಿಸಿ."

ಆ ಸಂಜೆ ಬಚ್ಚಲಲ್ಲಿ ಬೋರಲು ಬಿದ್ದ ಬಕೆಟ್ಟು ನೋಡಿ ಗುಮಾಸ್ತರಿಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಆ ಕಟ್ಟಡಕ್ಕೆ ಆ ವಾರ ಬಂದ ನೀರು ಅಷ್ಟೇ.

ಬೆಳಿಗ್ಗೆ ಅವರು ಸಾಹೇಬರ ಕೋಣೆಗೆ ಹೋಗಿ ಕೈಕಟ್ಟಿ ನಿಂತರು. "ಸಾರ್, 0.33 ಅಂತ ಬರೆದು ನಿಲ್ಲಿಸಿಬಿಡೋಣವೇ?"

ಸಾಹೇಬರು ಕನ್ನಡಕ ತೆಗೆದರು. "ಮೂರು ಮನೆ ಸೇರಿಸಿದ್ರೆ ಎಷ್ಟಾಯ್ತು?"

"0.99 ಸಾರ್."

"ಮಿಕ್ಕಿದ್ದನ್ನ ಯಾರು ಕುಡಿದ್ರು ಅಂತ ನಾಳೆ ಮೇಲಿನವರು ಕೇಳಿದ್ರೆ? ನೀವು ಕುಡಿದ್ರಾ? ನಾನು ಕುಡಿದ್ನಾ? ಇಲಾಖೆ ನೀರನ್ನ ಯಾರೂ ಹಾಗೆ ಅಡ್ಡದಾರೀಲಿ ಕುಡೀಬಾರದು, ಹೋಗಿ ಭಾಗಿಸಿ."

ಕಚೇರಿ ಕೈಕಟ್ಟಿ ಕೂರಲಿಲ್ಲ. ಗುಮಾಸ್ತರಿಗೆ ಇಬ್ಬರು ಸಹಾಯಕರನ್ನು ಕೊಟ್ಟಿತು. ಒಬ್ಬ ಸೊನ್ನೆ ಇಳಿಸುವವನು, ಇನ್ನೊಬ್ಬ "ಮೂರ್ಮೂರ್ಲೆ ಒಂಬತ್ತು" ಎಂದು ಗಟ್ಟಿಯಾಗಿ ಹೇಳುವವನು. ಅಂಟಿಸಿದ ಹಾಳೆಗಳು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಕ್ಯಾಂಟೀನಿನ ಕೈತೊಳೆಯುವ ತೊಟ್ಟಿಯವರೆಗೆ ಹೋದವು. ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: "ಮೂರು ಮನೆಯವರ ಭಾಗಾಕಾರವು ತೃಪ್ತಿಕರವಾಗಿ ಮುಂದುವರಿದಿದೆ. ಈವರೆಗಿನ ಎಲ್ಲ ಅಂಕಿಗಳೂ ಶಿಸ್ತಿನಿಂದ ನಡೆದುಕೊಂಡಿವೆ. ನಾಗರಿಕರು ಬಾಯಾರಿಕೆಯ ವಿಷಯದಲ್ಲಿ ಸಹಕರಿಸತಕ್ಕದ್ದು."

ಒಂದು ಮಧ್ಯಾಹ್ನ ಊಟವಾದ ಮೇಲೆ ಮೂರುಗಳ ಸಾಲಿನಲ್ಲಿ ಒಂದು ನಾಲ್ಕು ಕಾಣಿಸಿಕೊಂಡಿತು. ಕಚೇರಿಗೆ ಕಚೇರಿಯೇ ಎದ್ದು ನಿಂತಿತು. ಸಾಹೇಬರು ಎಲ್ಲರಿಗೂ ಬಿಸ್ಕತ್ತು ತರಿಸಿದರು, ಇಲಾಖೆಯ ತಾಳ್ಮೆಯ ಬಗ್ಗೆ ನಾಲ್ಕು ಮಾತಾಡಿದರು. ನೀರುಗಂಟಿ ಸ್ಪಾನರ್ ಹಿಡಿದು ಗೇಟಿನವರೆಗೆ ಹೋಗಿಯೂ ಆಗಿತ್ತು. ಆಗ ಗುಮಾಸ್ತರು ಬಿಸ್ಕತ್ತು ಕೆಳಗಿಟ್ಟು, ಮೂರ್ನಾಲ್ಕ್ಲೆ ಹನ್ನೆರಡು, ಅದು ಹತ್ತರಲ್ಲಿ ಹಿಡಿಸುವುದಿಲ್ಲ ಎಂದರು.

"ಯಾರ್ರೀ ಬರೆದದ್ದು?" ಎಂದರು ಸಾಹೇಬರು.

ಸೊನ್ನೆ ಇಳಿಸುವವನು ತಲೆ ತಗ್ಗಿಸಿದ. "ಇವರು ಊಟಕ್ಕೆ ಹೋಗಿದ್ರು, ಪೆನ್ನು ನನ್ನ ಕೈಲಿತ್ತು. ಬೇಜಾರಾಗಿತ್ತು ಸಾರ್. ಅದಕ್ಕೇ ಸ್ವಲ್ಪ ಬದಲಾವಣೆಗೆ..."

ನೀರುಗಂಟಿಯನ್ನು ವಾಪಸು ಕರೆಸಲಾಯಿತು. ಬೇಜಾರಿಗೆ ಅವಕಾಶವಿಲ್ಲವೆಂದು ನಿಯಮಕ್ಕೆ ಒಂದು ಸಾಲು ಸೇರಿಸಲಾಯಿತು.

ಕೊನೆಗೆ ದರ್ಜಿಯೂ ನರ್ಸಮ್ಮನೂ ಖಾಲಿ ಕೊಡ ಹಿಡಿದು ಬಂದು ಸಾಹೇಬರ ಕೋಣೆಯಲ್ಲೇ ಕೂತರು. ಸಾಹೇಬರು ಅವರಿಗೆ ಕುಡಿಯಲು ನೀರು ಕೊಡಿಸಿ, ಬಹಳ ಹೊತ್ತು ಕೊಡಗಳನ್ನು ನೋಡುತ್ತಿದ್ದು, ಗುಮಾಸ್ತರನ್ನು ಕರೆಸಿದರು.

"ನೋಡಿ, ನಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪಿರೋದು ನಿಮ್ಮ ಕಟ್ಟಡದಲ್ಲಿ. ಮೂರೇ ಮನೆ ಯಾಕಿವೆ?"

"ಮೊದಲಿಂದ್ಲೂ ಮೂರೇ ಸಾರ್."

"ನಾಲ್ಕಾದ್ರೆ?"

"0.25. ಎರಡೇ ಹೆಜ್ಜೆ ಸಾರ್."

"ಹಾಗಾದ್ರೆ ನಾಲ್ಕನೆಯವರೊಬ್ಬರು ಬೇಕು." ಸಾಹೇಬರು ನಿಟ್ಟುಸಿರು ಬಿಟ್ಟರು. "ನಮ್ಮನೆ ಹೂದೋಟಕ್ಕೂ ನೀರು ಸಾಲ್ತಿಲ್ಲ. ನಿಮಗೋಸ್ಕರ ಆ ಹೊರೆ ನಾನೇ ಹೊತ್ಕೋತೀನಿ, ಬಿಡಿ."

ನರ್ಸಮ್ಮ ಕೊಡ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ದರ್ಜಿ ಎದ್ದು ಕೈಮುಗಿದ. ಎರಡು ಬೀದಿ ಅಗೆದು ಸಾಹೇಬರ ಮನೆಗೆ ಪೈಪು ಹಾಕಿದರು. ಗುಮಾಸ್ತರು ಹೊಸ ಹಾಳೆಯಲ್ಲಿ ಒಂದನ್ನು ನಾಲ್ಕರಿಂದ ಭಾಗಿಸಿ, ಶೇಷದ ಸೊನ್ನೆಯನ್ನು ಗುಂಡಗೆ ಬರೆದರು. ಸಾಹೇಬರು ಆ ಹಾಳೆಯನ್ನು ಎತ್ತಿ ಇಡೀ ಕಚೇರಿಗೆ ತೋರಿಸಿದರು. ಗುಮಾಸ್ತರಿಗೆ ಜನ್ಮ ಸಾರ್ಥಕವೆನಿಸಿತು.

ಈಗ ಎಲ್ಲ ಸರಿಹೋಗಿದೆ. ಮೊದಲು ಸಂಜೆಯವರೆಗೂ ಬರುತ್ತಿದ್ದ ನೀರು ಮಧ್ಯಾಹ್ನಕ್ಕೇ ನಿಲ್ಲುತ್ತದೆ, ಆದರೆ ಶೇಷವಿಲ್ಲದೆ ನಿಲ್ಲುತ್ತದೆ. ಏಳು ಮನೆಯ ಟ್ಯಾಂಕಿಗೆ ಎಂಟನೆಯವರಾಗಿ ಸಾಹೇಬರ ಬಾಮೈದ ಬಂದರು. ಒಂಬತ್ತು ಮನೆಯವರಿಗೆ ಹತ್ತನೆಯವರಾಗಿ ಅವರ ಷಡ್ಡಕರು ಒದಗಿದರು. ಐದು ಮನೆಯವರ ಭಾಗಾಕಾರ ತಾನಾಗಿಯೇ ಮುಗಿಯುವುದರಿಂದ ತಮ್ಮ ಕಡೆ ಯಾರೂ ತಿರುಗಿಯೂ ನೋಡುತ್ತಿಲ್ಲವೆಂದು ಅವರು ಮನವಿ ಸಲ್ಲಿಸಿದ್ದಾರೆ.

ಹೆಂಡತಿ ಮನೆಗೆ ವಾಪಸಾದಳು, ಜೊತೆಗೆ ತಂಗಿಯನ್ನೂ ಕರೆತಂದಳು. ಅಂದು ಸಂಜೆ ಮೂವರೂ ಕೂತು ಕಲ್ಲಂಗಡಿ ಹೆಚ್ಚಲು ಹೊರಟಾಗ ಗುಮಾಸ್ತರು ಚಾಕು ಹಿಡಿದ ಹೆಂಡತಿಯ ಕೈ ತಡೆದರು.

"ಮೂರು ಭಾಗ ಮಾಡ್ಬೇಡ ಕಣೇ. ಮುಗಿಯೋದೇ ಇಲ್ಲ."

"ಅಯ್ಯೋ, ಹೌದಲ್ಲ," ಎಂದು ಆಕೆ ಹಣ್ಣನ್ನು ಚೊಕ್ಕವಾಗಿ ನಾಲ್ಕು ಭಾಗ ಮಾಡಿದಳು. ಗುಮಾಸ್ತರು ಒಂದು ಭಾಗವನ್ನು ತಟ್ಟೆಗಿಟ್ಟು, ಸಾಹೇಬರ ಮನೆಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡರು.

"ಒಂದ್ನಿಮಿಷ ನಿಲ್ಲಿ ಭಾವ," ಎಂದಳು ನಾದಿನಿ. "ಬೀಜ ತೆಗೆದು ಕೊಡ್ತೀನಿ. ಪಾಪ, ನಮಗೋಸ್ಕರ ತಿನ್ನೋರು."