ಮುಟ್ಟದೆ ಕೊಳ್ಳದ ಅತ್ತೆ

ಬಾಗಲಕೋಟೆಯಿಂದ ಇಳಕಲ್ಲಿನವರೆಗಿನ ಅಂಗಡಿಕಾರರು ಯಾರಿಗಾದರೂ ಹೆದರುತ್ತಾರೆಂದರೆ ಅದು ಸೇಲ್ಸ್ ಟ್ಯಾಕ್ಸಿನವರಿಗಲ್ಲ, ನನ್ನ ಸೋದರತ್ತೆಗೆ! (ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಬರೆಯಲು ಅಪ್ಪಣೆ ಕೊಟ್ಟಿದ್ದಾಳೆ.) ಮುಟ್ಟದೆ, ಒತ್ತದೆ ಅವಳು ಏನನ್ನೂ ಕೊಂಡವಳಲ್ಲ. ಕೆರೂರ ಸಂತೆಯಲ್ಲಿ ಅವಳು ಒಂದು ಬದನೆಕಾಯಿ ಬುಟ್ಟಿಯ ಮುಂದೆ ಕೂತರೆ, ಮಾರುವವಳು ಇನ್ನೊಂದು ಬುಟ್ಟಿಯ ಮೇಲೆ ಗೋಣಿಚೀಲ ಎಳೆದುಬಿಡುತ್ತಿದ್ದಳು.

ಇನ್ನು ಇಳಕಲ್ಲಿನಲ್ಲಿ ಸೀರೆ ಕೊಳ್ಳುವುದು ಕೇಳಬೇಕೆ? ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರಲ್ಲ, ಅಲ್ಲಿ ಕಣ್ಣು ಮುಚ್ಚಿ ಮೂರು ಬೆರಳು ಆಡಿಸುವಳು. ಎಲ್ಲೋ ಒಂದು ಕಡೆ ಬೆರಳು ನಿಲ್ಲುವುದು. "ಇಲ್ಲೊಂದು ಗಂಟು ಐತಿ ನೋಡ್ರಿ." ಅಂಗಡಿಯವರು ಕನ್ನಡಕ ಏರಿಸಿ ನೋಡಿದರೆ ಅದು ಇದ್ದೇ ಇರುತ್ತಿತ್ತು!

ಅಮೀನಗಡದಲ್ಲಿ ಬಸ್ಸು ನಿಂತರೆ ಅಲ್ಲಿನ ಹೆಸರಾದ ಸಿಹಿತಿಂಡಿ ಕರದಂಟು. ಕಾಗದದ ಮೇಲಿಂದ ಒತ್ತಿದ್ದು ಸಾಲದೆ ಪೊಟ್ಟಣ ಬಿಚ್ಚಿಸುವಳು. ಒಮ್ಮೆ ಕಂಡಕ್ಟರು ಸೀಟಿ ಊದಿ ಸೋತು, ತಾನೇ ಇಳಿದುಬಂದು ಒಂದು ತುಂಡು ಒತ್ತಿ, "ಚಲೋ ಐತಿ, ಹತ್ರಿ ಯವ್ವಾ" ಎಂದು ಸರ್ಟಿಫಿಕೇಟ್ ಕೊಟ್ಟ.

ಇಂಥ ಅತ್ತೆ ಒಂದು ಮಧ್ಯಾಹ್ನ ಹುನಗುಂದದ ದವಾಖಾನೆಗೆ ಬಂದಳು. ನಾನಾಗ ಅಲ್ಲಿ ಹೊಸ ಡಾಕ್ಟರು. ಬಾಗಿಲು ಹಾಕಿಸಿ, ಎದೆಯಲ್ಲಿ ಏನೋ ಕೈಗೆ ಸಿಗುತ್ತಿದೆ ಎಂದಳು. ನೋವಿಲ್ಲವಂತೆ. ನೋವಿಲ್ಲದ ಮೇಲೆ ಏನೂ ಇರಲಾರದಂತೆ! ನೋವಿಲ್ಲವೆಂದು ಸುಮ್ಮನಿರುವಂತಿಲ್ಲ ಎಂದೆ. ಕುಪ್ಪಸ ತೆಗೆಯಲು ಮಾತ್ರ ಒಪ್ಪಲಿಲ್ಲ.

"ಸೀರಿ ಮ್ಯಾಲಿಂದನ ನೋಡು. ನಾ ಕರದಂಟ ಕಾಗದದ ಮ್ಯಾಲಿಂದ ನೋಡಂಗಿಲ್ಲೇನು?"

"ಪೊಟ್ಟಣ ಬಿಚ್ಚಿಸದ ಎಂದಾದ್ರೂ ತಗೊಂಡೀಯೇನತ್ತಿ?"

ಅತ್ತೆ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕುಪ್ಪಸದ ಗುಂಡಿಗೆ ಕೈ ಹಾಕಿದಳು.

ಮೊದಲು ಬರೀ ನೋಡಿದೆ, ಕೈ ಇಳಿಬಿಟ್ಟಾಗ, ಎತ್ತಿದಾಗ. ಚರ್ಮ ಎಲ್ಲೂ ಒಳಕ್ಕೆ ಎಳೆದಿರಲಿಲ್ಲ, ತೊಟ್ಟೂ ಸರಿಯಿತ್ತು. ಬರೀ ಕಣ್ಣಿನಿಂದ ಎಂಥ ವ್ಯಾಪಾರ ಎಂದು ಅತ್ತೆ ಗೊಣಗಿದಳು. ಮಲಗಿಸಿ, ಮೂರು ಬೆರಳ ಒಳಮೈಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ಬಂದೆ. ಏನೂ ಇಲ್ಲದ ಕಡೆಯಿಂದ ಶುರುಮಾಡಿದ್ದಕ್ಕೂ ತಕರಾರು! ಸರಿಯಿದ್ದದ್ದು ಹೇಗಿದೆಯೆಂದು ಮೊದಲು ತಿಳಿಯಬೇಕಲ್ಲ? ಎರಡೂ ಕಡೆ ರವೆಯಂತೆ ತರಿತರಿಯಾಗಿ ಕೈಗೆ ಹತ್ತಿತು. ಅದು ಸಹಜವೇ. ಎಡಗಡೆ ಒಂದೆಡೆ ನನ್ನ ಬೆರಳು ನಿಂತವು.

ನುಣುಪಾಗಿ, ದುಂಡಗೆ, ಹಿಡಿಯಹೋದರೆ ಜಾರುವಂಥದ್ದು. ಕಂಕುಳಲ್ಲಿ ಏನೂ ಇರಲಿಲ್ಲ. ಲಕ್ಷಣಗಳೇನೋ ಒಳ್ಳೆಯವೇ, ಆದರೆ ಅವಳ ವಯಸ್ಸಿಗೆ ಬೆರಳನ್ನಷ್ಟೇ ನಂಬಿ ಕೂರುವಂತಿರಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದೆ. ಗಂಟು ತೆಗೆದು ಪರೀಕ್ಷಿಸಿದರು. ಉತ್ತರ ಬರುವವರೆಗೆ ಅತ್ತೆ ವಾರ್ಡಿನ ದಿಂಬುಗಳನ್ನೆಲ್ಲ ಒತ್ತಿ ನೋಡಿ, ಒಂದರಲ್ಲೂ ಹತ್ತಿ ಸರಿಯಿಲ್ಲವೆಂದು ತೀರ್ಪು ಕೊಟ್ಟಳು. ಉತ್ತರ ಬಂತು. ಕೆಟ್ಟದ್ದೇನೂ ಅಲ್ಲ.

ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಅಂಗಡಿಯವನು ತಾನೇ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. ಅತ್ತೆ ಒತ್ತಲಿಲ್ಲ. ಒಂದು ತುಂಡು ತೆಗೆದು ನೇರವಾಗಿ ನನ್ನ ಕೈಗಿಟ್ಟಳು.

"ಇವತ್ತ ಒತ್ತಿ ನೋಡಂಗಿಲ್ಲೇನತ್ತಿ?"

"ನಮ್ಮವ್ವಗೂ ಎದಿಯಾಗ ಗಂಟಾಗಿತ್ತು. ನಾಚಿಕಿಗೆ ಆಕಿ ತೋರಸ್ಲಿಲ್ಲ, ಯಾರೂ ಮುಟ್ಟಿ ನೋಡ್ಲಿಲ್ಲ, ಅದರಾಗ ಹೋದ್ಲು," ಎಂದಳು ಅತ್ತೆ. "ನನ್ನ ನೀ ನೋಡಿದಿ. ತಿನ್ನು."