ಆಸ್ಟಿನ್ ಕೋಚ್ ಹುಡುಗನನ್ನು ನೋಡಲು ಬಂದದ್ದು

ಹೆತ್ತ ಮಕ್ಕಳನ್ನು ಹೊಗಳುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ, ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದಾಗ ಮೈಸೂರಿನ ನಮ್ಮ ಬೀದಿಯವರೆಲ್ಲ ವಿಚಾರಿಸೋಕೆ ಬಂದರು. ನಮ್ಮಪ್ಪ ಅವರಿಗೆಲ್ಲ ಹೇಳಿದ್ದು ಒಂದೇ ಮಾತು: 'ಏನೋ, ಈ ಸಲ ಸೀಟುಗಳು ಜಾಸ್ತಿ ಇದ್ದವಂತೆ.' ಬಂದವರು ತಕ್ಷಣ, 'ಛೆ ಛೆ, ಹಾಗನ್ನಬೇಡಿ ರಾಯರೇ, ಚಿನ್ನದಂಥ ಹುಡುಗ' ಅನ್ನೋರು. ಅಪ್ಪ ಬೇಡಬೇಡವೆಂಬಂತೆ ತಲೆ ಆಡಿಸಿ ಒಳಗೊಳಗೇ ಹಿಗ್ಗೋರು. ಬೀಳಿಸುವುದು ಮನೆಯವರ ಕೆಲಸ, ಎತ್ತುವುದು ಬಂದವರ ಕೆಲಸ, ಇದು ನಮ್ಮಲ್ಲಿ ನಡೆದುಕೊಂಡು ಬಂದ ಕ್ರಮ. ನಾವೇ ಹೊಗಳಿಕೊಂಡರೆ ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಜನ ಆಡಿಕೊಳ್ಳುತ್ತಾರೆ, ಸಾಲದ್ದಕ್ಕೆ ಮಗುವಿಗೆ ದೃಷ್ಟಿ ಬೇರೆ ಆಗುತ್ತದೆ. ಮೇಲಾಗಿ ಅಮೆರಿಕದ ಟೆಕ್ಸಸ್ಸಿನಲ್ಲಿ, ಪ್ಲೇನೋ ಎಂಬ ಊರಿನ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದು. ನನ್ನ ಹೆಂಡತಿ ಸುಧಾಳ ಪ್ರಕಾರ ಅದು ಉದ್ಯೋಗವೇ ಅಲ್ಲ. 'ನಿಮ್ಮ ಸ್ವಭಾವಕ್ಕೆ ಯಾರೋ ಪುಣ್ಯಾತ್ಮರು ಸಂಬಳ ಕೊಡ್ತಿದಾರೆ ಅಷ್ಟೇ' ಅನ್ನುತ್ತಾಳೆ.

ಇಂಥ ನನ್ನ ಹೊಟ್ಟೆಯಲ್ಲಿ ನಿಖಿಲ್ ಹುಟ್ಟಿದ್ದಾನೆ. ನನ್ನ ಎತ್ತರ ಐದು ಅಡಿ ಐದು ಇಂಚು, ಸುಧಾ ಐದು ಎರಡು. ನಿಖಿಲ್ ಏಳನೇ ಕ್ಲಾಸಿನ ತನಕ ಮನೆತನದ ಮರ್ಯಾದೆಗೆ ತಕ್ಕಂತೆಯೇ ಇದ್ದ. ಆಮೇಲೆ ಎರಡು ಬೇಸಿಗೆ ರಜೆಗಳಲ್ಲಿ ಏನಾಯಿತೋ, ಈಗ ಆರು ಅಡಿ ಐದು ಇಂಚು. ನಮ್ಮ ಜೊತೆಗೇ ಇರುವ ಅತ್ತೆಯವರು, ಅಂದರೆ ಸುಧಾಳ ತಾಯಿ, ಇದರ ಕೀರ್ತಿಯನ್ನೆಲ್ಲ ತಮ್ಮ ತಂದೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. 'ನಮ್ಮ ತಂದೆ ಬಾಗಿಲು ದಾಟಬೇಕಾದರೆ ಬಗ್ಗುತ್ತಿದ್ದರು' ಅನ್ನುತ್ತಾರೆ. ಆ ಮನೆಯನ್ನು ನಾನು ನೋಡಿದ್ದೇನೆ. ಅದರ ಬಾಗಿಲು ದಾಟಬೇಕಾದರೆ ನಾನೂ ಬಗ್ಗುತ್ತಿದ್ದೆ. ಆದರೆ ಅತ್ತೆಯ ಎದುರು ಈ ಮಾತು ಆಡಿಲ್ಲ.

ಒಂಬತ್ತನೇ ಕ್ಲಾಸಿಗೆ ಹೋದ ಮೊದಲ ವಾರವೇ ಶಾಲೆಯವರು ಇವನನ್ನು ಕಾರಿಡಾರಿನಲ್ಲಿ ನೋಡಿ ಫುಟ್‌ಬಾಲ್ ತಂಡಕ್ಕೆ ಎಳೆದುಕೊಂಡರು. ಟೆಕ್ಸಸ್ಸಿನಲ್ಲಿ ಫುಟ್‌ಬಾಲ್ ಅಂದರೆ ಕಾಲಿನ ಆಟವಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಅದರಲ್ಲಿ ನಮ್ಮವನ ಜಾಗದ ಹೆಸರು ಟೈಟ್ ಎಂಡ್. ಮದುವೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಊಟದ ಮನೆಯ ಬಾಗಿಲಲ್ಲಿ ನಿಂತು ನುಗ್ಗುವ ಜನರನ್ನು ತಡೆಯುವವನೂ ಅವನೇ, ಮರುಕ್ಷಣ ಒಳಗೆ ಓಡಿ ಬಡಿಸುವವನೂ ಅವನೇ. ಎದುರಿನ ಧಡಿಯರನ್ನು ಗೋಡೆಯಂತೆ ತಡೆಯಬೇಕು, ಆಮೇಲೆ ಓಡಿಹೋಗಿ ಮೇಲಿಂದ ಬರುವ ಚೆಂಡನ್ನೂ ಹಿಡಿಯಬೇಕು. ಚೆಂಡು ಹಿಡಿದ ಕೂಡಲೇ ಇಬ್ಬರು ಮೂವರು ಬಂದು ಮೇಲೆ ಬೀಳುತ್ತಾರೆ. ಅವನು ಮತ್ತೆ ಎದ್ದು ನಿಲ್ಲುವ ತನಕ ನಾನು ಉಸಿರು ಬಿಡುವುದಿಲ್ಲ. ನನ್ನ ಭಾವಮೈದ ಪೇರ್ಲ್ಯಾಂಡಿನಲ್ಲಿ ಮೂಳೆ ಡಾಕ್ಟರು, ಪ್ರತಿ ಪಂದ್ಯದ ಮರುದಿನ ಫೋನ್ ಮಾಡಿ ಕೇಳುವುದು ಗೆದ್ದರೋ ಸೋತರೋ ಅಂತಲ್ಲ, 'ಮಂಡಿ ಹೇಗಿದೆ ಭಾವ?' ಅಂತ. ಅತ್ತೆಯವರದು ಬೇರೆ ವೈದ್ಯ. ಪಂದ್ಯ ಮುಗಿದು ಮನೆಗೆ ಬಂದವನನ್ನು ಸ್ಟೂಲಿನ ಮೇಲೆ ಕೂರಿಸಿ, ನಿಂತರೆ ಅವರ ಕೈ ಎಟುಕುವುದಿಲ್ಲವಲ್ಲ, ಉಪ್ಪು ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಡುತ್ತಾರೆ. ಆ ಘಾಟಿಗೆ ನಮಗೆಲ್ಲ ಕೆಮ್ಮು ಬರುತ್ತದೆ, ಚಾವಣಿಯಲ್ಲಿರುವ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ. ನಿಖಿಲ್ ಸ್ಟೂಲಿನಿಂದೆದ್ದು, ಸುಮ್ಮನೆ ಕೈ ಎತ್ತಿ ಅದನ್ನು ನಿಲ್ಲಿಸುತ್ತಾನೆ. 'ಘಾಟು ಬಂತು, ದೃಷ್ಟಿ ಏನೂ ಆಗಿಲ್ಲ' ಎಂದು ಅತ್ತೆ ಸಮಾಧಾನಪಟ್ಟುಕೊಳ್ಳುತ್ತಾರೆ. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲವಂತೆ.

ಹೋದ ಬೇಸಿಗೆಯಲ್ಲಿ ಹ್ಯೂಸ್ಟನ್ನಿನಲ್ಲಿ ಒಂದು ಕ್ಯಾಂಪ್ ನಡೆಯಿತು. ಹತ್ತಾರು ಕಾಲೇಜುಗಳ ಕೋಚ್‌ಗಳು ಬಂದು ಹುಡುಗರನ್ನು ಅಳೆದು ತೂಗಿ ನೋಡುವ ಸಂತೆ ಅದು. ಎತ್ತರ, ತೂಕ ಮಾತ್ರ ಅಲ್ಲ, ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಗೇಣು ಎಷ್ಟು, ತೋಳು ಎಷ್ಟುದ್ದ, ಎಲ್ಲಕ್ಕೂ ಟೇಪ್ ಹಿಡಿದರು. ಒಂದು ಕಾಲದಲ್ಲಿ ನಮ್ಮ ಸೋದರತ್ತೆಯನ್ನು ಗಂಡಿನ ಕಡೆಯವರು ಜಡೆ ಮುಟ್ಟಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಕಥೆ ನನಗೆ ನೆನಪಾಯಿತು. ಇವನನ್ನು ಓಡಿಸಿ ನೋಡಿದರು, ವ್ಯತ್ಯಾಸ ಅಷ್ಟೇ. ಆಮೇಲೆ ದೂರದ ಎರಡು ಕಾಲೇಜಿನವರು ಕರೆದರು. ಆದರೆ ಇವನ ಜೀವವೆಲ್ಲ ಆಸ್ಟಿನ್ನಿನ ಒಂದು ಕಾಲೇಜಿನ ಮೇಲೆ. ಚಿಕ್ಕಂದಿನಿಂದ ಅದರ ಬಾವುಟ ಇವನ ಕೋಣೆಯ ಗೋಡೆಯ ಮೇಲಿದೆ. ಇನ್ನು ಕೆಲವೇ ವಾರಗಳಲ್ಲಿ ಹುಡುಗರು ಶಾಲೆಯ ಜಿಮ್ಮಿನಲ್ಲಿ ತಮ್ಮ ತಮ್ಮ ಕಾಲೇಜಿನ ಟೋಪಿ ಹಾಕಿಕೊಂಡು, ಆ ಕಾಲೇಜಿನ ತಂಡ ಸೇರುವ ಪತ್ರಕ್ಕೆ ಸಹಿ ಮಾಡುವ ದಿನ. ಅಷ್ಟರಲ್ಲಿ ಆಸ್ಟಿನ್ ಕೋಚ್ ಅವರಿಂದ ಫೋನು ಬಂತು. ಮಂಗಳವಾರ ಸಂಜೆ ಮೆಕಿನ್ನಿಯ ನಿಮ್ಮ ಮನೆಗೆ ಬರುತ್ತೇನೆ, ಮನೆಯವರನ್ನೆಲ್ಲ ಭೇಟಿ ಮಾಡಬೇಕು ಅಂತ.

ಸುಧಾ ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ನೋಡಲು ಬರುವವರಿಗೆ ನಮ್ಮ ಕಡೆ ಬೇರೆ ಏನೂ ಮಾಡಿ ಅಭ್ಯಾಸವಿಲ್ಲ. ಕೋಚ್ ಬಂದರು. ಐವತ್ತು ದಾಟಿದ, ಮಿತವಾಗಿ ಮಾತಾಡುವ, ಬೂಟು ಬಾಗಿಲಲ್ಲೇ ಬಿಚ್ಚಿಟ್ಟ ಸಂಭಾವಿತ ಮನುಷ್ಯ. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಸಣ್ಣದೊಂದು ನೋಟ್‌ಪುಸ್ತಕ ತೆಗೆದು ನನ್ನ ಕಡೆ ತಿರುಗಿ, 'ಸರ್, ನಿಮ್ಮ ಮಗನ ಬಗ್ಗೆ ಹೇಳಿ' ಅಂದರು. ನಿಖಿಲ್ ಸೋಫಾದಲ್ಲಿ ಮಂಡಿಯನ್ನು ಗಲ್ಲದ ತನಕ ಮಡಚಿಕೊಂಡು ಕೂತಿದ್ದ. ಅವನ ಕಣ್ಣು ನನ್ನ ಮೇಲೆಯೇ ಇತ್ತು.

ಮಹಾಸ್ವಾಮಿ, ನಾನು ಬಾಯಿ ತೆರೆದೆ, ಆದರೆ ಮಾತಾಡಿದ್ದು ನಮ್ಮಪ್ಪ. 'ಏನು ಹೇಳೋದು ಬಿಡಿ' ಅಂದೆ. 'ಎತ್ತರ ಬೆಳೆದಿದಾನೆ ಅಷ್ಟೇ. ಮಹಾ ಸೋಮಾರಿ.' ಹೇಳಿ, ಅವರ ಕಡೆಯಿಂದ 'ಛೆ ಛೆ' ಬರಲಿ ಅಂತ ಕಾದೆ. ಕೋಚ್ ತಲೆ ಆಡಿಸಿ ಬರೆದುಕೊಂಡರು. ಬಹುಶಃ ನಾನು ಸಾಕಷ್ಟು ಬೀಳಿಸಿಲ್ಲ, ಎತ್ತೋದಕ್ಕೆ ಅವರಿಗೆ ಜಾಗ ಸಿಕ್ಕಿಲ್ಲ ಅನ್ನಿಸಿತು. 'ಓಟವೂ ಸ್ವಲ್ಪ ನಿಧಾನವೇ' ಅಂದೆ. ಅದನ್ನೂ ಬರೆದುಕೊಂಡರು. ನನಗೆ ಬೆವರು ಶುರುವಾಯಿತು. 'ನಮ್ಮ ಹುಡುಗ ಹೆಚ್ಚೇನಲ್ಲ, ಇವನಿಗಿಂತ ಚೆನ್ನಾಗಿ ಆಡೋರು ಬೇಕಾದಷ್ಟು ಜನ ಇದಾರೆ' ಅಂದುಬಿಟ್ಟೆ. ಆ ಮನುಷ್ಯ ಪುಟ ತಿರುಗಿಸಿದರು. ಅವರ ಪಾಲಿನ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಈ ಹೊತ್ತಿಗೆ ಅತ್ತೆಯವರು, ತಾವೂ ಒಂದು ಮಾತು ಹೇಳಬೇಕೆಂದು, 'ಮಗು ಏನೂ ತಿನ್ನಲ್ಲ, ಸೊರಗಿ ಹೋಗಿದೆ ಅನ್ನಿ' ಅಂದರು. ನಾನು ಪ್ರಾಮಾಣಿಕವಾಗಿ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಬೆಳಿಗ್ಗೆ ಹನ್ನೆರಡು ದೋಸೆ ತಿಂದಿದ್ದ ಹುಡುಗನನ್ನು ಕೋಚ್ ಅಡಿಯಿಂದ ಮುಡಿಯ ತನಕ ಒಂದು ಸಲ ನೋಡಿ, ಬರೆದುಕೊಂಡು, ಕೈಕುಲುಕಿ ಹೊರಟುಹೋದರು.

ಬಾಗಿಲು ಹಾಕಿದ ಮೇಲೆ ನಿಖಿಲ್ ನೇರವಾಗಿ ಮಹಡಿ ಹತ್ತಿದ. ಸುಧಾ ತಟ್ಟೆಗಳನ್ನು ಎತ್ತುತ್ತಾ, 'ರೀ, ಬೇರೆ ಯಾರೂ ಬೇಡ, ನೀವೊಬ್ರು ಸಾಕು' ಅಂದಳು. ಅಷ್ಟೇ ಅಂದಿದ್ದು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಹನ್ನೊಂದು ದಿನ ಆಸ್ಟಿನ್ನಿನಿಂದ ಸುದ್ದಿಯಿಲ್ಲ. ತಂಡದ ಬೇರೆ ಹುಡುಗರಿಗೆ ಒಬ್ಬೊಬ್ಬರಾಗಿ ಅವರವರ ಕಾಲೇಜುಗಳಿಂದ ಕರೆ ಬಂತು. ಲೂಯಿಸ್‌ವಿಲ್ಲಿನಲ್ಲಿರುವ ಸ್ನೇಹಿತರ ಮನೆಯ ಪೂಜೆಗೆ ಹೋದರೆ ಅಲ್ಲಿ ಅಂಕಲ್ ಆಂಟಿಯರೆಲ್ಲ, 'ಆಸ್ಟಿನ್ ಏನಾಯ್ತು?' ಅಂತ ಕೇಳೋರೇ. ನಾನು ಕೋಸಂಬರಿಯನ್ನು ಕೆದಕುತ್ತಾ ಕೂತೆ. ಊಟದ ಮೇಜಿನ ಮೇಲೆ ನಿಖಿಲನ ಫೋನು ಗುಂಯ್ ಅಂದಾಗಲೆಲ್ಲ ನಾಲ್ಕೂ ಜನ ಅದರ ಕಡೆ ನೋಡುವುದು, ಅವನು ಅದನ್ನು ಬೋರಲು ಹಾಕುವುದು. ದೋಸೆ ಹನ್ನೆರಡರಿಂದ ಐದಕ್ಕೆ ಇಳಿಯಿತು. ಅತ್ತೆಯವರ ಮಾತು ಕೊನೆಗೂ ನಿಜವಾಗುತ್ತಿತ್ತು. ನನಗೆ ಕೆಲಸದಲ್ಲೂ ಗಮನವಿಲ್ಲದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಪ್ರೋಗ್ರಾಮನ್ನು 'ತಪ್ಪೇನೂ ಇಲ್ಲ' ಅಂತ ಬರೆದು ಕಳಿಸಿದೆ. ಅದನ್ನು ಬರೆದ ಹುಡುಗಿ ಗಾಬರಿಯಾಗಿ, 'ಸರ್, ಮನೆಯಲ್ಲಿ ಎಲ್ಲ ಕ್ಷೇಮ ತಾನೇ?' ಅಂತ ವಿಚಾರಿಸಿದಳು.

ಶುಕ್ರವಾರ ನಿಖಿಲನನ್ನು ಶಾಲೆಗೆ ಬಿಡಲು ಹೋಗುವಾಗ, ಕಿಟಕಿಯ ಹೊರಗೆ ನೋಡುತ್ತಲೇ ಅವನು ಕೇಳಿದ. ನಮ್ಮ ಹುಡುಗರಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲೇ. 'ಡ್ಯಾಡ್, ನಾನು ಸ್ಲೋ ಅಂತ ನಿಜವಾಗಲೂ ಅನ್ಕೊಂಡಿದೀಯಾ?' ಅನ್ನೋದು ಪ್ರಶ್ನೆ.

'ಇಲ್ಲ ಕಣೋ. ಅದು ನಮ್ಮಲ್ಲಿ ಒಂದು ಪದ್ಧತಿ. ಹೊರಗಿನವರ ಮುಂದೆ ನಮ್ಮ ಮಕ್ಕಳನ್ನ ನಾವೇ ಹೊಗಳಬಾರದು.'

'ಸರಿ. ಹೊರಗಿನವರು ಇಲ್ಲದೇ ಇದ್ದಾಗ?'

ನಾನು ಮನಸ್ಸಿನಲ್ಲೇ ಹದಿನೇಳು ವರ್ಷ ತಿರುವಿ ಹಾಕಿದೆ. 'ಪರವಾಗಿಲ್ಲ' ಅಂತ ಅಂದಿದ್ದೇನೆ, 'ಹುಷಾರು' ಅಂತ ಸಾವಿರ ಸಲ ಅಂದಿದ್ದೇನೆ. ಚೆನ್ನಾಗಿ ಆಡಿದೆ ಅಂತ ಒಂದು ಸಲವೂ ಬಾಯಿಬಿಟ್ಟು ಅಂದಿರಲಿಲ್ಲ. ಅವನು ಇಳಿದು, ತಲೆ ತಗ್ಗಿಸಿ, ತನ್ನ ಎತ್ತರವನ್ನೇ ಯಾರಿಗೂ ಕಾಣದಂತೆ ಮಾಡುವ ಹಾಗೆ ಕುಗ್ಗಿಕೊಂಡು ಹೋದ. ಹಿಂದಿನ ಕಾರಿನವರು ಹಾರ್ನ್ ಮಾಡುವ ತನಕ ನಾನು ಅಲ್ಲೇ ನಿಂತಿದ್ದೆ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಗರಾಜಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈಯಲ್ಲಿ ಒಂದು ಪಟ್ಟಿ. ಮಗನ ಗುಣಗಳನ್ನು ಬರೆಯಲು ಕೂತಾಗ ಮೊದಲ ಅರ್ಧ ಗಂಟೆ ಪೆನ್ನೇ ಓಡಿರಲಿಲ್ಲ, ಬರೆದ ಮೂರು ಸಾಲಿನಲ್ಲಿ ಎರಡು 'ಆದರೆ' ಬಂದಿತ್ತು. ಕೋಚಿಗೆ ಫೋನ್ ಮಾಡಿದೆ. ಅವರು ಎತ್ತಿಕೊಂಡರು. 'ಸರ್, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು' ಅಂತ ಶುರು ಮಾಡಿದೆ, ಪಟ್ಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನು ಸೋಮಾರಿಯಲ್ಲ ಸರ್, ನಾನು ಏಳುವ ಮೊದಲೇ ಎದ್ದು ತೂಕ ಎತ್ತಲು ಹೋಗುತ್ತಾನೆ. ಮಂಡಿ ಊದಿದ್ದಾಗಲೂ ಅಜ್ಜಿಗೆ ಗೊತ್ತಾಗಬಾರದೆಂದು ಮೆಟ್ಟಿಲನ್ನು ನೆಟ್ಟಗೆ ಹತ್ತುತ್ತಾನೆ. ಚೆಂಡು ಹಿಡಿಯುವುದಕ್ಕೆ ಚಪ್ಪಾಳೆ ಬರುತ್ತದೆ, ತಡೆಯುವುದಕ್ಕೆ ಯಾರೂ ಹೊಡೆಯುವುದಿಲ್ಲ, ಆದರೂ ಇವನು ಎರಡನ್ನೂ ಒಂದೇ ಸಮ ಮಾಡುತ್ತಾನೆ. ಬೀಳಿಸಿದ ಹುಡುಗನಿಗೆ ಕೈ ಕೊಟ್ಟು ಎಬ್ಬಿಸುತ್ತಾನೆ. ನಾನು ಗ್ಯಾಲರಿಯಲ್ಲಿ ಕೂತು ಇಷ್ಟನ್ನೂ ನೋಡಿದ್ದೇನೆ ಸರ್, ನೋಡಿ ಸುಮ್ಮನಿದ್ದೆ. ಇವನಂಥ ಹುಡುಗ ನನಗೆ ಹೇಗೆ ಹುಟ್ಟಿದ ಅನ್ನುವುದೇ ನನಗೆ ಆಶ್ಚರ್ಯ. ಹೀಗೆ ಹನ್ನೆರಡು ನಿಮಿಷ ಒಂದೇ ಉಸಿರಿಗೆ ಹೇಳಿದ್ದೇನೆ, ಆಮೇಲೆ ಫೋನಿನಲ್ಲಿ ನೋಡಿಕೊಂಡೆ.

ನಾನು ಮುಗಿಸಿದ ಮೇಲೆ ಕೋಚ್ ನಿಧಾನವಾಗಿ ಹೇಳಿದರು. 'ಸರ್, ಹ್ಯೂಸ್ಟನ್ ಕ್ಯಾಂಪಿನಲ್ಲಿ ನೋಡಿದಾಗಲೇ ಹುಡುಗನ ವಿಚಾರ ನಮಗೆ ತೀರ್ಮಾನವಾಗಿತ್ತು. ಮನೆಗೆ ನಾವು ಬರೋದು ಹುಡುಗನನ್ನು ನೋಡೋದಕ್ಕಲ್ಲ, ಅಪ್ಪ ಅಮ್ಮನನ್ನು ನೋಡೋದಕ್ಕೆ. ಕೆಲವು ಅಪ್ಪಂದಿರು ಪ್ರತಿ ಶನಿವಾರ ಫೋನ್ ಮಾಡಿ ಮಗನ ಗುಣಗಾನ ಮಾಡ್ತಾರೆ, ನಮಗೆ ಕೆಲಸ ಮಾಡೋಕೆ ಬಿಡೋದಿಲ್ಲ. ನಿಮ್ಮನ್ನು ನೋಡಿ ಬಹಳ ಖುಷಿಯಾಗಿತ್ತು. ಈ ಅಪ್ಪನಿಂದ ನಮಗೆ ಯಾವತ್ತೂ ಫೋನ್ ಬರೋದಿಲ್ಲ ಅಂತ ಬರೆದಿಟ್ಟಿದ್ದೆ.'

ನಾನು ಅಲ್ಲೇ ಇದ್ದ ಅಕ್ಕಿ ಚೀಲದ ಮೇಲೆ ಕೂತೆ. ಅವತ್ತು ಶನಿವಾರ.

'ನಮ್ಮ ಮೇಲಿನವರ ಸಹಿ ನಿನ್ನೆ ಆಯ್ತು' ಅಂದರು ಕೋಚ್. 'ಸಂಜೆ ನಿಮ್ಮ ಹುಡುಗನಿಗೆ ನಾನೇ ಫೋನ್ ಮಾಡಬೇಕು ಅಂತಿದ್ದೆ.'

'ಈಗಲೂ ಮಾಡ್ತೀರಾ ಸರ್?' ನನ್ನ ದನಿ ನನಗೇ ಕೇಳಿಸಲಿಲ್ಲ.

'ನಾನು ಮಾಡ್ತೀನಿ' ಅಂದರು. 'ನೀವು ಮಾತ್ರ ಇನ್ನು ಮಾಡಬೇಡಿ.'

ಫೋನಿಟ್ಟು ತಿರುಗಿದರೆ, ಗರಾಜಿಗೆ ಹೊಂದಿಕೊಂಡ ಒಗೆಯುವ ಮೆಷಿನ್ ಕೋಣೆಯ ಬಾಗಿಲಲ್ಲಿ ನಿಖಿಲ್, ಚೌಕಟ್ಟಿನ ಕೆಳಗೆ ತಲೆ ಬಗ್ಗಿಸಿಕೊಂಡು, ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ನಾನು ಕೇಳಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಏನಾದರೂ ಹೇಳಬೇಕಿತ್ತು. 'ಏನು ನೋಡ್ತಾ ನಿಂತಿದೀಯ, ಹೋಗಿ ಬಟ್ಟೆ ಮಡಚು' ಅಂದೆ. 'ಓಕೆ ಡ್ಯಾಡ್' ಅಂದು ನಕ್ಕು ಹೋದ. ಹೋಗುವಾಗ ಬಾಗಿಲು ದಾಟಿದ ಮೇಲೆ ಪೂರ್ತಿ ನೆಟ್ಟಗಾದ.

ಸಂಜೆ ಫೋನು ಬಂತು. 'ಯೆಸ್ ಸರ್, ಯೆಸ್ ಸರ್' ಅಂದು ಮುಗಿಸಿದವನು ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಸುಧಾ ಅಳುತ್ತಾ ನನ್ನ ಭಾವಮೈದನಿಗೆ ಫೋನ್ ಮಾಡಿದಳು, ಅವನು 'ಮಂಡಿ ಹೇಗಿದೆ?' ಅಂದ. ಅತ್ತೆಯವರು ತಡಮಾಡದೆ ಸ್ಟೂಲು ಎಳೆದು ಮೊಮ್ಮಗನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಮೂಗು ಮುಚ್ಚಿಕೊಂಡು ಕಾದೆವು. ಮೆಣಸಿನಕಾಯಿ ಕರ್ರಗೆ ಸುಟ್ಟಿತು, ಯಾರಿಗೂ ಕೆಮ್ಮು ಬರಲಿಲ್ಲ, ಅಲಾರಂ ಪಿಟ್ಟೆನ್ನಲಿಲ್ಲ.

'ನೋಡಿದ್ರಾ ಅಳಿಯಂದ್ರೇ, ಒಂದು ಚೂರೂ ಘಾಟಿಲ್ಲ' ಅಂದರು ಅತ್ತೆ, ಮುಖ ಸಪ್ಪಗೆ ಮಾಡಿಕೊಂಡು. 'ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಮಗೂನ ಯಾರೋ ಬಾಯಿತುಂಬಾ ಹೊಗಳಿದಾರೆ. ಯಾರಿರಬಹುದು?'

ಸ್ಟೂಲಿನ ಮೇಲೆ ಕೂತಿದ್ದ ನಿಖಿಲ್ ನನ್ನನ್ನೇ ನೋಡುತ್ತಿದ್ದ. ಅಲ್ಲಿ ಕೂತಾಗ ಮಾತ್ರ ಅವನ ಕಣ್ಣೂ ನನ್ನ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತವೆ. 'ಈ ಕಾಲದಲ್ಲಿ ಜನಕ್ಕೆ ಹೊಗಳೋದು ಬಿಟ್ಟು ಬೇರೆ ಕೆಲಸ ಏನಿದೆ ಅತ್ತೆ' ಅಂದು ನಾನು ಕಾಫಿ ಕುಡಿದೆ.