ಭಾಗೀರಥಿಗೆ ಬಂದ ತಲೆಸುತ್ತು

ನನಗೆ ಹೆದರಿಕೆಯಾದಾಗಲೆಲ್ಲ ನನ್ನ ಹೆಂಡತಿ ಭಾಗೀರಥಿಗೆ ಏನಾದರೊಂದು ಕಾಯಿಲೆ ಬರುತ್ತದೆ. ನನ್ನ ಹಲ್ಲು ಕೀಳಿಸಬೇಕಾದ ದಿನ ಅವಳಿಗೆ ಜ್ವರ. ಸಭೆಯಲ್ಲಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದರೆ ಅವಳಿಗೆ ಸೊಂಟನೋವು. ನಲವತ್ತು ವರ್ಷ ಸಲೀಸಾಗಿ ನಡೆದ ಈ ಏರ್ಪಾಟು ಕೆಟ್ಟದ್ದು ಕೆನಡಾದ ವ್ಯಾಂಕೂವರಿನಲ್ಲಿ.

ಅಲ್ಲಿ ಶಾಲೆಯಲ್ಲಿ ಕಲಿಸುವ ನನ್ನ ತಂಗಿಯ ಮಗಳು ಶ್ಯಾಮಲೆ ಹೋದ ವರ್ಷ ನಮ್ಮಿಬ್ಬರನ್ನೂ ಕರೆಸಿಕೊಂಡಳು. ನನಗೆ ಕುತೂಹಲ ಜಾಸ್ತಿ. ಹಬೆಯಿಂದ ಸೀಟಿ ಹೊಡೆಯುವ ಬೀದಿ ಗಡಿಯಾರದ ಎದುರು ಎಲ್ಲರೂ ಫೋಟೊ ತೆಗೆಯುತ್ತಿದ್ದರೆ, ನಾನು ಒಲೆ ಎಲ್ಲಿದೆಯೆಂದು ಹಿಂದೆ ಹೋಗಿ ಹುಡುಕಿದೆ. ಸಮುದ್ರದ ಬದಿಯ ಉದ್ಯಾನದಲ್ಲಿ ಹಕ್ಕಿ, ಕರಡಿಗಳ ಮುಖ ಕೆತ್ತಿದ ಎತ್ತರದ ಮರದ ಕಂಬಗಳನ್ನು ಕಂಡು, ಚಪ್ಪಲಿ ಬಿಟ್ಟು ಒಂದು ಸುತ್ತು ಬಂದೆ.

"ಮಾವ, ಅದು ದೇವ್ರಲ್ಲ. ಇಲ್ಲಿಯ ಮೂಲನಿವಾಸಿಗಳ ಮನೆತನದ ಕತೆ ಹೇಳೋ ಕಂಬ," ಎಂದಳು ಶ್ಯಾಮಲೆ.

"ಹಂಗಾರೆ ಹಿರಿಯರು ಹೇಳಿ ಆತಲೆ? ಸುತ್ತು ಬಂದಿದ್ದು ಅಡ್ಡಿಲ್ಲೆ," ಎಂದಳು ಭಾಗೀರಥಿ.

ಮರುದಿನ ತೂಗುಸೇತುವೆ. ಆಳದ ಕಣಿವೆ, ಕೆಳಗೆಲ್ಲೋ ಹೊಳೆ, ಕಾಲಿಟ್ಟಲ್ಲೆಲ್ಲ ಓಲಾಡುವ ಹಲಗೆ. ನಮ್ಮೂರು ಹುಲಗೋಳದಲ್ಲಿ ಸೊಪ್ಪಿನ ಹೊರೆ ಹೊತ್ತು, ಎರಡೇ ದಿಮ್ಮಿಯ ಸಂಕದ ಮೇಲೆ ಹಳ್ಳ ದಾಟುವ ಭಾಗೀರಥಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಯಾರಾದಳು. ನಾನು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

"ಶ್ಯಾಮಲಾ, ನಿನ್ನ ಅತ್ತೆಗೆ ತಲೆ ತಿರುಗ್ತಡ," ಎಂದುಬಿಟ್ಟೆ.

ಶ್ಯಾಮಲೆ ಗಾಬರಿಯಿಂದ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಭಾಗೀರಥಿ ನನ್ನನ್ನೊಮ್ಮೆ ನೋಡಿದಳು, ಸೇತುವೆಯನ್ನೊಮ್ಮೆ ನೋಡಿದಳು, ನೀರು ಕುಡಿದಳು.

ಊರಿಗೆ ಬಂದ ಮೇಲೂ ನಾನು ಸುಮ್ಮನಿರಲಿಲ್ಲ. ನಮ್ಮ ಮನೆಯ ಒಂದು ಊಟದ ಪಂಕ್ತಿಯಲ್ಲಿ ಈ ತಲೆಸುತ್ತಿನ ಕತೆಯನ್ನು ರಸವತ್ತಾಗಿ ಹೇಳಿದೆ. ಮತ್ತಿಘಟ್ಟದಿಂದ ಬಂದಿದ್ದ ಅವಳ ತಮ್ಮ, "ಅಕ್ಕಾ, ಅಂಗಳ ದಾಟಲೂ ಕೈ ಹಿಡ್ಕಂಬನಾ?" ಎಂದ. ಪಂಕ್ತಿಯೆಲ್ಲ ನಕ್ಕಿತು. ಪಾಯಸ ಬಡಿಸುತ್ತಿದ್ದವಳು ಸೌಟು ಬಿಟ್ಟು ಒಳಗೆ ಹೋದಳು. ಅವಳ ಎಲ್ಲ ಕಾಯಿಲೆಗಳಲ್ಲಿ ನಿಜವಾಗಿ ನೋವಾದದ್ದು ಇದೊಂದೇ ಇರಬೇಕು. ಎಂಜಲು ಕೈಯಲ್ಲೇ ಹಿಂದೆ ಹೋದೆ.

"ಅಂದು ಹೆದ್ರಿದ್ದು ಆನು ಮಾರಾಯ್ತಿ. ತಪ್ಪಾತು."

"ಯಂಗೆ ಹೇಳಿ ಎಂತ ಮಾಡದು? ನಗಾಡಿದವು ಹೊರಗೆ ಕೂತಿದ್ದ."

ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಪಂಕ್ತಿ ಮೊದಲಿಗಿಂತ ಜೋರಾಗಿ ನಕ್ಕಿತು. ಭಾಗೀರಥಿ ಬಂದು ಎಲ್ಲರಿಗೂ ಇನ್ನೊಂದು ಸೌಟು ಪಾಯಸ ಹಾಕಿ, "ಈ ಸಲ ಶ್ಯಾಮಲೆ ಹತ್ರ ಆನೊಬ್ಬಳೇ ಹೋಗ್ತೆ," ಎಂದಳು.

ಹೋಗಿಯೂ ಬಿಟ್ಟಳು. ಇವತ್ತು ನನ್ನ ಬೆಳಗಿನ ಚಹಾದ ಹೊತ್ತಿಗೆ, ಅಲ್ಲಿ ಸಂಜೆ, ಸೇತುವೆಯ ನಟ್ಟನಡುವೆ ನಿಂತು ಫೋನಿನಲ್ಲಿ ಮುಖ ತೋರಿಸಿದಳು. ಬೇಕೆಂದೇ ಒಮ್ಮೆ ಅತ್ತಿತ್ತ ತೂಗಿ, "ಕಂಡ್ತಾ?" ಎಂದಳು. ನಾನು ಫೋನನ್ನು ಲೋಟಕ್ಕೆ ಒರಗಿಸಿಟ್ಟು, ಹುಲಗೋಳದ ಜಗುಲಿಯಲ್ಲಿ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ.